ರಾಸ್ ಆನ್ ಆಗಿದೆಯೇ? 81 ಅಮೈನೊ ಆಮ್ಲಗಳ ಒಂದು ತುಂಡು ಹೇಳಿದ ಉತ್ತರ

ಹಲಸಿನ ಮರದ ಕೆಳಗೆ ನಿಂತು ಎಷ್ಟು ಕಾಯಿ ಬಿಟ್ಟಿದೆ ಎಂದು ಎಣಿಸುವುದು ಸುಲಭ. ಅದರಲ್ಲಿ ಯಾವುದು ಹಣ್ಣಾಗಿದೆ ಎಂದು ಹೇಳುವುದು ಕಷ್ಟ. ಹೊರಗಿನಿಂದ ಎಲ್ಲವೂ ಒಂದೇ ಥರ ಮುಳ್ಳು, ಒಂದೇ ಥರ ಹಸಿರು. ಅದಕ್ಕೇ ನಮ್ಮ ಕಡೆ ಬೆರಳಿನಿಂದ ತಟ್ಟಿ ನೋಡುತ್ತಾರೆ. ಸದ್ದು ಬದಲಾಗಿದ್ದರೆ ಹಣ್ಣು, ಇಲ್ಲದಿದ್ದರೆ ಇನ್ನೂ ಕಾಯಿ.

ಜೀವಕೋಶದೊಳಗಿನ ರಾಸ್ ಎಂಬ ಪ್ರೋಟೀನಿನ ವಿಷಯದಲ್ಲಿ ಬಹಳ ವರ್ಷ ಇದೇ ಕಷ್ಟ ಇತ್ತು. ರಾಸ್ ಎಷ್ಟಿದೆ ಎಂದು ಎಣಿಸಲು ಆಂಟಿಬಾಡಿಗಳಿದ್ದವು. ಎಷ್ಟು ರಾಸ್ ಕೆಲಸ ಮಾಡುತ್ತಿದೆ ಎಂದು ತಟ್ಟಿ ನೋಡುವ ಬೆರಳು ಇರಲಿಲ್ಲ. ಆ ಬೆರಳು ಸಿಕ್ಕಿದ್ದು ಇನ್ನೊಂದು ಪ್ರೋಟೀನಿನ ತುಂಡಿನಲ್ಲಿ. ಅದು ಹೇಗೆ ಸಿಕ್ಕಿತು, ಅದನ್ನು ಬಳಸುವಾಗ ಎಲ್ಲಿ ಎಡವುತ್ತೇವೆ ಎಂಬುದೇ ಈ ಪ್ರಕರಣ. ಇದನ್ನು ನಾನು ಓದಿ ತಿಳಿದದ್ದಕ್ಕಿಂತ ಕೈಯಾರೆ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದು ಜಾಸ್ತಿ.

ಸಮಸ್ಯೆ ಏನಿತ್ತು

ರಾಸ್ ಚಿಕ್ಕ ಪ್ರೋಟೀನ್, ತೂಕ 21 ಕಿಲೋಡಾಲ್ಟನ್. ಅದು ಜಿಡಿಪಿ ಎಂಬ ಅಣುವನ್ನು ಹಿಡಿದುಕೊಂಡಿದ್ದರೆ ಆಫ್. ಜಿಟಿಪಿ ಹಿಡಿದುಕೊಂಡಿದ್ದರೆ ಆನ್. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಫಾಸ್ಫೇಟ್. ಹೊರಗಿನಿಂದ ಇಜಿಎಫ್‌ನಂಥ ಬೆಳವಣಿಗೆಯ ಸಂದೇಶ ಬಂದರೆ ಸಾಸ್ ಎಂಬ ಇನ್ನೊಂದು ಪ್ರೋಟೀನ್ ಬಂದು ರಾಸ್‌ನ ಹಿಡಿತದಿಂದ ಜಿಡಿಪಿಯನ್ನು ಬಿಡಿಸುತ್ತದೆ. ಖಾಲಿಯಾದ ಜಾಗಕ್ಕೆ ಜಿಟಿಪಿ ಬಂದು ಕೂರುತ್ತದೆ. ಕೆಲವೇ ನಿಮಿಷಗಳಲ್ಲಿ ಗ್ಯಾಪ್ ಎಂಬ ಪ್ರೋಟೀನುಗಳು ಬಂದು ಆ ಜಿಟಿಪಿಯನ್ನು ಬೇಗ ಒಡೆಸಿ ರಾಸ್ ಅನ್ನು ಮತ್ತೆ ಆಫ್ ಮಾಡುತ್ತವೆ.

ಇದು ಕೆಟ್ಟರೆ ಏನಾಗುತ್ತದೆ ಎಂದು 1982ರಲ್ಲೇ ಗೊತ್ತಾಗಿತ್ತು. ಮೂತ್ರಕೋಶದ ಕ್ಯಾನ್ಸರಿನಿಂದ ಬೆಳೆಸಿದ ಟಿ24 ಎಂಬ ಕೋಶಗಳಲ್ಲಿ ರಾಸ್‌ನ 12ನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲ ಹೋಗಿ ವ್ಯಾಲಿನ್ ಎಂಬುದು ಬಂದಿತ್ತು. ಅಷ್ಟು ಬದಲಾದರೆ ಸಾಕು, ಗ್ಯಾಪ್ ಬಂದರೂ ಜಿಟಿಪಿ ಒಡೆಯುವುದಿಲ್ಲ. ರಾಸ್ ಆನ್ ಆಗಿಯೇ ಉಳಿಯುತ್ತದೆ.

ಹಾಗಾದರೆ ಒಂದು ಕೋಶದಲ್ಲಿ ಈಗ ಎಷ್ಟು ರಾಸ್ ಆನ್ ಇದೆ ಎಂದು ನೋಡುವುದು ಹೇಗೆ? ಸುಮ್ನೆ ಜೆಲ್ ಓಡಿಸಿದರೆ, ಅಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿದರೆ, ಗೊತ್ತಾಗುವುದಿಲ್ಲ. ಅದಕ್ಕೆ ಮೊದಲು ಎಸ್‌ಡಿಎಸ್ ಎಂಬ ಸಾಬೂನಿನಂಥ ಪದಾರ್ಥ ಹಾಕಿ ಕುದಿಸಿದ ತಕ್ಷಣ ಪ್ರೋಟೀನಿನ ಮಡಿಕೆಗಳೆಲ್ಲ ಬಿಚ್ಚಿ, ಹಿಡಿದುಕೊಂಡಿದ್ದ ಜಿಟಿಪಿಯೂ ಜಿಡಿಪಿಯೂ ಬಿದ್ದುಹೋಗುತ್ತವೆ. ಆನ್ ಇದ್ದ ರಾಸ್, ಆಫ್ ಇದ್ದ ರಾಸ್ ಎರಡೂ ಒಂದೇ ಜಾಗದಲ್ಲಿ ಒಂದೇ ಗೆರೆಯಾಗಿ ಕಾಣುತ್ತವೆ.

ಆಗ ಇದ್ದ ದಾರಿ ರೇಡಿಯೋಆಕ್ಟಿವ್ ರಂಜಕದ್ದು. ಜೀವಂತ ಕೋಶಗಳಿಗೆ ರಂಜಕ-32 ಇರುವ ಫಾಸ್ಫೇಟ್ ಉಣಿಸಿ ಗಂಟೆಗಟ್ಟಲೆ ಕಾಯಬೇಕು. ಆಮೇಲೆ ಕೋಶ ಒಡೆದು, ವೈ13-259 ಎಂಬ ಆಂಟಿಬಾಡಿಯಿಂದ ರಾಸ್ ಎಳೆದು, ಅದು ಹಿಡಿದಿದ್ದ ಅಣುಗಳನ್ನು ಬಿಡಿಸಿ, ತೆಳು ಪದರದ ಹಾಳೆಯ ಮೇಲೆ ಜಿಟಿಪಿ ಮತ್ತು ಜಿಡಿಪಿಯನ್ನು ಬೇರೆ ಮಾಡಬೇಕು. ಕೊನೆಗೆ ಲೆಕ್ಕ. ಜಿಟಿಪಿಯಲ್ಲಿ ಮೂರು ಫಾಸ್ಫೇಟ್ ಹೊಳೆಯುತ್ತವೆ, ಜಿಡಿಪಿಯಲ್ಲಿ ಎರಡೇ. ಆದ್ದರಿಂದ ಒಂದನ್ನು 3ರಿಂದ, ಇನ್ನೊಂದನ್ನು 2ರಿಂದ ಭಾಗಿಸಿ ಹೋಲಿಸಬೇಕು. ವಿಧಾನ ಸರಿಯಾದದ್ದೇ, ಅದರಿಂದ ಬಂದ ಜ್ಞಾನವೂ ದೊಡ್ಡದು. ಆದರೆ ವಿಕಿರಣದ ಅಪಾಯ ಜಾಸ್ತಿ, ಮಾಡಲು ಇಡೀ ದಿನ ಬೇಕು. ರೋಗಿಯಿಂದ ತೆಗೆದ ಗಡ್ಡೆಯ ತುಂಡಿನ ಮೇಲೆ ಇದನ್ನು ಮಾಡುವ ಹಾಗೇ ಇರಲಿಲ್ಲ. ಆ ತುಂಡಿಗೆ ಗಂಟೆಗಟ್ಟಲೆ ರಂಜಕ ಉಣಿಸಲು ಆಗುವುದಿಲ್ಲ ಅಲ್ವಾ?

ಬೆರಳು ಸಿಕ್ಕಿದ್ದು

1993ರಲ್ಲಿ ಹಲವು ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಟ್ಟಿಗೇ ಒಂದು ವಿಷಯ ಕಂಡವು. ರಾಸ್ ಆನ್ ಆದ ಮೇಲೆ ಯಾರಿಗೆ ಸುದ್ದಿ ಮುಟ್ಟಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ರಾಫ್ ಎಂಬ ಕೈನೇಸ್, ಅಂದರೆ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಪ್ರೋಟೀನ್. ರಾಫ್ ಹೋಗಿ ಹಿಡಿಯುವುದು ಜಿಟಿಪಿ ಇರುವ ರಾಸ್ ಅನ್ನು, ಜಿಡಿಪಿ ಇರುವುದನ್ನು ಅಲ್ಲ. ಯೀಸ್ಟ್ ಕೋಶದಲ್ಲಿ ಎರಡು ಪ್ರೋಟೀನುಗಳ ಜೋಡಿ ಹುಡುಕುವ ವಿಧಾನದಿಂದ ಅನ್ನೆ ವೊಯ್ಟೆಕ್, ಸ್ಟಾನ್ಲಿ ಹೊಲೆನ್‌ಬರ್ಗ್, ಜೊನಾಥನ್ ಕೂಪರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಾಫ್-1ರಲ್ಲಿ ಒಟ್ಟು 648 ಅಮೈನೊ ಆಮ್ಲಗಳಿವೆ. ರಾಸ್ ಹಿಡಿಯಲು ಅದರಲ್ಲಿ 51ರಿಂದ 131ರವರೆಗಿನ ತುಂಡು ಸಾಕು ಎಂದು ತೋರಿಸಿದರು. ಬರೀ 81 ಅಮೈನೊ ಆಮ್ಲ. ಇದಕ್ಕೆ ರಾಸ್ ಹಿಡಿಯುವ ಭಾಗ, ಅಂದರೆ ಆರ್‌ಬಿಡಿ ಎಂದು ಹೆಸರು ಬಂತು.

ಇಲ್ಲಿ ನಿಂತು ಸ್ವಲ್ಪ ಯೋಚಿಸಬೇಕು. ಆನ್ ಇರುವ ರಾಸ್ ಯಾವುದು ಎಂದು ಗುರುತಿಸುವ ಅಣುವನ್ನು ಮನುಷ್ಯರು ಹೊಸದಾಗಿ ತಯಾರಿಸಬೇಕಾಗಿರಲಿಲ್ಲ. ಕೋಶಕ್ಕೆ ಅದನ್ನು ಗುರುತಿಸದೆ ಬದುಕೇ ಇಲ್ಲ, ಹಾಗಾಗಿ ಗುರುತಿಸುವ ಕೈ ಕೋಶದೊಳಗೇ ಇತ್ತು. ಆ ಕೈಯನ್ನು ಮೊಣಕೈ ಹತ್ತಿರ ಕತ್ತರಿಸಿ ನಮ್ಮ ಕೆಲಸಕ್ಕೆ ಹಚ್ಚಬಹುದು ಎಂದು ಹೊಳೆಯುವುದೇ ಇಲ್ಲಿನ ದೊಡ್ಡ ವಿಷಯ. ನನಗೆ ಈ ಪ್ರಕರಣದಲ್ಲಿ ತುಂಬ ಇಷ್ಟವಾದದ್ದು ಇದೇ.

1995ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಟಿಂಗ್‌ಹಾಫರ್ ಅವರ ತಂಡ ಈ ಹಿಡಿತದ ಚಿತ್ರವನ್ನೇ ಕೊಟ್ಟಿತು. ರಾಸ್‌ನ ಹತ್ತಿರದ ಸಂಬಂಧಿ ರ್‍ಯಾಪ್-1ಎ ಜೊತೆ ಆರ್‌ಬಿಡಿ ಕೂತಿರುವ ಹರಳಿನ ರಚನೆ ಅದು. ಒಂದು ಪ್ರೋಟೀನಿನ ಎಳೆಯ ಪಕ್ಕಕ್ಕೆ ಇನ್ನೊಂದರ ಎಳೆ ಬಂದು, ಎರಡೂ ಸೇರಿ ಒಂದೇ ಹಾಳೆ ನೇಯ್ದ ಹಾಗೆ ಇದೆ. ರಾಸ್‌ನ ಈ ಅಂಚು ಜಿಟಿಪಿ ಇದ್ದಾಗ ಒಂದು ಆಕಾರದಲ್ಲಿ, ಜಿಡಿಪಿ ಇದ್ದಾಗ ಇನ್ನೊಂದು ಆಕಾರದಲ್ಲಿ ಇರುತ್ತದೆ. ಒಂದು ಫಾಸ್ಫೇಟಿನ ವ್ಯತ್ಯಾಸವನ್ನು ಆರ್‌ಬಿಡಿ ಓದುವುದು ಈ ಅಂಚಿನಿಂದ.

ಅದೇ ವರ್ಷ ಅದೇ ತಂಡ ಹಿಡಿತ ಎಷ್ಟು ಗಟ್ಟಿ ಎಂದೂ ಅಳೆಯಿತು. ಜಿಟಿಪಿಯ ಥರದ, ಆದರೆ ಒಡೆಯದ ಅಣು ಕೂತಿರುವ ರಾಸ್ ಜೊತೆ 18 ನ್ಯಾನೊಮೋಲಾರ್ (ಈ ಅಂಕಿ ಚಿಕ್ಕದಾದಷ್ಟೂ ಹಿಡಿತ ಗಟ್ಟಿ). ಜಿಡಿಪಿ ಇರುವ ರಾಸ್ ಜೊತೆ ಸುಮಾರು 1000 ಪಟ್ಟು ದುರ್ಬಲ. ಈ ಎರಡು ಅಂಕಿ ನೆನಪಿಡಿ, ಮುಂದೆ ಬೇಕಾಗುತ್ತವೆ.

ಇನ್ನು ಬೇಕಾದದ್ದು ಒಂದು ಹಿಡಿಕೆ. ಅದು ಆಗಲೇ ಇತ್ತು. 1988ರಲ್ಲಿ ಮೆಲ್ಬೋರ್ನ್‌ನ ಡೊನಾಲ್ಡ್ ಸ್ಮಿತ್ ಮತ್ತು ಕೆವಿನ್ ಜಾನ್ಸನ್ ರಕ್ತದಲ್ಲಿ ಬದುಕುವ ಒಂದು ಪರಾವಲಂಬಿ ಹುಳುವಿನಿಂದ ಜಿಎಸ್‌ಟಿ ಎಂಬ ಪ್ರೋಟೀನ್ ತೆಗೆದು, ಬೇರೆ ಪ್ರೋಟೀನಿಗೆ ಬಾಲದ ಹಾಗೆ ಅಂಟಿಸುವ ದಾರಿ ತೋರಿಸಿದ್ದರು. ಜಿಎಸ್‌ಟಿ ಗ್ಲುಟಥಯೋನ್ ಇರುವ ಮಣಿಗೆ ಗಟ್ಟಿಯಾಗಿ ಅಂಟುತ್ತದೆ. ಜಿಎಸ್‌ಟಿಗೆ ಆರ್‌ಬಿಡಿ ಸೇರಿಸಿ, ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಮಾಡಿಸಿ, ಮಣಿಗೆ ಅಂಟಿಸಿದರೆ ಗಾಳ ಸಿದ್ಧ. ಒಡೆದ ಕೋಶದ ದ್ರವದಲ್ಲಿ ಈ ಮಣಿಗಳನ್ನು ಬಿಟ್ಟು ತಿರುಗಿಸಿದರೆ ಆನ್ ಇರುವ ರಾಸ್ ಮಾತ್ರ ಸಿಕ್ಕಿಹಾಕಿಕೊಳ್ಳುತ್ತದೆ. ಮಣಿ ತೊಳೆದು ಜೆಲ್‌ಗೆ ಹಾಕಿ, ಮಾಮೂಲು ರಾಸ್ ಆಂಟಿಬಾಡಿಯಿಂದ ನೋಡಿದರೆ ಆಯಿತು. 1996ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಸ್ಟೀಫನ್ ಟೇಲರ್ ಮತ್ತು ಡೇವಿಡ್ ಶಾಲೋವೇ ಕೋಶಚಕ್ರದ ಬೇರೆಬೇರೆ ಹಂತದಲ್ಲಿ ರಾಸ್ ಯಾವಾಗ ಆನ್ ಆಗುತ್ತದೆ ಎಂದು ಹೀಗೆ ನೋಡಿದರು. 1997ರಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಜೋಹಾನ್ ಡಿ ರೂಯಿ ಮತ್ತು ಜೋಹಾನೆಸ್ ಬಾಸ್ ಇದನ್ನೇ ಒಂದು ವಿಧಾನವಾಗಿ ಬರೆದರು. ಇಡೀ ದಿನದ ವಿಕಿರಣದ ಕೆಲಸ ಹೋಗಿ, ಯಾವ ಪ್ರಯೋಗಾಲಯದಲ್ಲಾದರೂ ಮಾಡಬಹುದಾದ ಕೆಲಸ ಬಂತು.

ನನ್ನ ಆರು ತಟ್ಟೆಗಳು

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ನಾನು ಇದನ್ನು ಮೊದಲ ಸಲ ಮಾಡಿದಾಗ ಒಂದು ಗೆರೆಯೂ ಸರಿಯಾಗಿ ಬರಲಿಲ್ಲ.

ಆರು ತಟ್ಟೆಗಳಲ್ಲಿ ಕೋಶಗಳಿದ್ದವು. ರಾತ್ರಿಯಿಡೀ ಸೀರಮ್ ಕೊಡದೆ ಹಸಿವಿನಲ್ಲಿಟ್ಟಿದ್ದೆ. ಬೆಳಗ್ಗೆ ಇಜಿಎಫ್ ಹಾಕಿ 0, 2, 5, 10, 20, 30 ನಿಮಿಷಕ್ಕೆ ಒಂದೊಂದು ತಟ್ಟೆಯನ್ನು ಐಸ್ ಮೇಲೆ ತಂದೆ. ತೊಳೆದು, ಕೋಶ ಒಡೆಯುವ ಲೈಸಿಸ್ ಬಫರ್ ಹಾಕಿ, ರಬ್ಬರ್ ತುದಿಯ ಕಡ್ಡಿಯಿಂದ ಕೆರೆದು, ಬಂದ ಲೈಸೇಟನ್ನು, ಅಂದರೆ ಒಡೆದ ಕೋಶದ ದ್ರವವನ್ನು, ಟ್ಯೂಬಿಗೆ ತುಂಬಿದೆ. ಎಲ್ಲದರಲ್ಲೂ ಪ್ರೋಟೀನ್ ಎಷ್ಟಿದೆ ಎಂದು ಅಳೆದೆ, ಸಮ ಮಾಡಿದೆ. ಅಷ್ಟು ಮುಗಿಸಿ ಮಣಿ ಹಾಕುವ ಹೊತ್ತಿಗೆ ಟ್ಯೂಬುಗಳು ಐಸ್‌ನಲ್ಲಿ ಕೂತು ಬಹಳ ಹೊತ್ತಾಗಿತ್ತು.

ಮಾರನೆಯ ದಿನ ಫಿಲ್ಮ್ ನೋಡಿದರೆ ಒಟ್ಟು ರಾಸ್‌ನ ಗೆರೆಗಳು ಆರೂ ದಪ್ಪಗೆ, ಸಮವಾಗಿ ಇದ್ದವು. ಎಲ್ಲ ಪ್ರೋಟೀನುಗಳನ್ನೂ ತೋರಿಸುವ ಪೊನ್ಸೊ ಬಣ್ಣದಲ್ಲಿ ಜಿಎಸ್‌ಟಿ-ಆರ್‌ಬಿಡಿ 35 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಗುಲಾಬಿ ಪಟ್ಟಿಯಾಗಿ ಎಲ್ಲ ಕಡೆ ಕಾಣುತ್ತಿತ್ತು. ಮಣಿ ಎಳೆದು ತಂದ ರಾಸ್ ಮಾತ್ರ ಎಲ್ಲೂ ಇಲ್ಲ. 2ನೇ ನಿಮಿಷದ್ದರಲ್ಲಿ ಏನೋ ಮಸುಕು, ಅಷ್ಟೇ.

ನನಗಿಂತ ಹಿರಿಯ ಸಂಶೋಧಕಿಯೊಬ್ಬರು ಫಿಲ್ಮ್ ಬೆಳಕಿಗೆ ಹಿಡಿದು ನೋಡಿ ಕೇಳಿದರು: “ಲೈಸೇಟ್ ಎಷ್ಟು ಹೊತ್ತು ಇಟ್ಟಿದ್ದೆ ಮಾರಾಯ್ತಿ?”

“ಒಂದು ಗಂಟೆ ಆಗಿರಬಹುದು ಅಕ್ಕ. ಐಸ್ ಮೇಲೇ ಇತ್ತು.”

“ಹಾಗಾದರೆ ಅಲ್ಲೇ ಹೋಯ್ತು. ನಿನ್ನ ಟ್ಯೂಬಿನಲ್ಲಿ ಗ್ಯಾಪ್ ಕೂಡ ಇದೆ ಅಲ್ವಾ?”

ಅಷ್ಟು ಸರಳ ವಿಷಯ ನನಗೆ ಹೊಳೆದಿರಲಿಲ್ಲ. ಕೋಶ ಒಡೆದರೆ ಎಲ್ಲ ನಿಂತುಬಿಡುತ್ತದೆ ಎಂದುಕೊಂಡಿದ್ದೆ. ನಿಲ್ಲುವುದಿಲ್ಲ. ಗ್ಯಾಪ್ ಪ್ರೋಟೀನುಗಳು ಅದೇ ದ್ರವದಲ್ಲಿ ತೇಲುತ್ತಿರುತ್ತವೆ. ಐಸ್ ಅವುಗಳ ಕೆಲಸವನ್ನು ನಿಧಾನ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ನಾನು ಪ್ರೋಟೀನ್ ಅಳೆಯುತ್ತ ಕೂತಿದ್ದ ಹೊತ್ತಿನಲ್ಲಿ ಆನ್ ಇದ್ದ ರಾಸ್ ಒಂದೊಂದೇ ಆಫ್ ಆಗುತ್ತಿತ್ತು.

ಪರಿಹಾರ ಆರ್‌ಬಿಡಿಯ ಗುಣದಲ್ಲೇ ಇತ್ತು. ಆರ್‌ಬಿಡಿ ಮತ್ತು ಗ್ಯಾಪ್ ಎರಡೂ ರಾಸ್‌ನಲ್ಲಿ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ಕೂರುತ್ತವೆ. ಆರ್‌ಬಿಡಿ ಮೊದಲು ಕೂತರೆ ಗ್ಯಾಪ್‌ಗೆ ಜಾಗ ಇಲ್ಲ. ಜೊತೆಗೆ ಆರ್‌ಬಿಡಿ ಕೂತ ಮೇಲೆ ಜಿಟಿಪಿ ರಾಸ್‌ನಿಂದ ಜಾರಿಹೋಗುವುದೂ ನಿಧಾನವಾಗುತ್ತದೆ. ಹಾಗಾಗಿ ಮುಂದಿನ ಸಲ ಜಿಎಸ್‌ಟಿ-ಆರ್‌ಬಿಡಿಯನ್ನು ಲೈಸಿಸ್ ಬಫರ್‌ಗೇ ಬೆರೆಸಿದೆ. ಕೋಶ ಒಡೆದ ಕ್ಷಣದಲ್ಲೇ ಗಾಳ ಅಲ್ಲಿರುತ್ತದೆ. ಮೆಗ್ನೀಸಿಯಮ್ ಸಾಕಷ್ಟು ಇದೆಯೇ ಎಂದು ಎರಡು ಸಲ ನೋಡಿದೆ, ಏಕೆಂದರೆ ಅದಿಲ್ಲದಿದ್ದರೆ ರಾಸ್ ತಾನು ಹಿಡಿದ ಅಣುವನ್ನೇ ಬಿಟ್ಟುಬಿಡುತ್ತದೆ. ಪ್ರೋಟೀನ್ ಅಳೆಯುವ ಕೆಲಸಕ್ಕೆ ಸ್ವಲ್ಪ ಲೈಸೇಟ್ ಪಕ್ಕಕ್ಕಿಟ್ಟು ಆಮೇಲೆ ಮಾಡಿದೆ.

ಆ ಸಲ ಫಿಲ್ಮಿನಲ್ಲಿ 0 ನಿಮಿಷದ ಜಾಗ ಬಹುತೇಕ ಖಾಲಿ, 2 ಮತ್ತು 5ರಲ್ಲಿ ಕಪ್ಪಗೆ ದಪ್ಪ ಗೆರೆ, ಆಮೇಲೆ ಇಳಿಯುತ್ತ ಹೋಗಿ 30ರಲ್ಲಿ ಮತ್ತೆ ತೆಳು. ಪುಸ್ತಕದಲ್ಲಿ ಓದಿದ್ದ ಏರು ಇಳಿತ ನನ್ನ ಕೈಯಲ್ಲಿ ಒದ್ದೆಯಾಗಿತ್ತು. ಡಾರ್ಕ್ ರೂಮಿನಿಂದ ಹೊರಗೆ ಓಡಿ ಬಂದಿದ್ದೆ.

ಗೆರೆ ಬಂತು, ಆದರೆ ನಂಬುವುದು ಹೇಗೆ

ಗೆರೆ ಬರದಿದ್ದಾಗ ಎಲ್ಲರೂ ಕಾರಣ ಹುಡುಕುತ್ತಾರೆ. ಬಂದಾಗ ಯಾರೂ ಹುಡುಕುವುದಿಲ್ಲ. ನನ್ನ ಅನುಭವದಲ್ಲಿ ಎರಡನೆಯದೇ ಜಾಸ್ತಿ ಅಪಾಯ.

ಮೊದಲು ಆ ಎರಡು ಅಂಕಿಗೆ ಬರೋಣ. ಆನ್ ರಾಸ್‌ಗೆ 18 ನ್ಯಾನೊಮೋಲಾರ್, ಆಫ್ ರಾಸ್‌ಗೆ 1000 ಪಟ್ಟು ದುರ್ಬಲ, ಅಂದರೆ 18 ಮೈಕ್ರೊಮೋಲಾರ್ ಆಸುಪಾಸು. ಟ್ಯೂಬಿನಲ್ಲಿ ಆರ್‌ಬಿಡಿ 1 ಮೈಕ್ರೊಮೋಲಾರ್ ಇದೆ ಎಂದು ಇಟ್ಟುಕೊಳ್ಳಿ. ಆನ್ ಇರುವ ರಾಸ್‌ನಲ್ಲಿ ನೂರಕ್ಕೆ 98 ಪಾಲು ಸಿಕ್ಕಿಬೀಳುತ್ತದೆ. ಆಫ್ ಇರುವುದರಲ್ಲಿ ನೂರಕ್ಕೆ 5 ಪಾಲು. ಈಗ ಆರ್‌ಬಿಡಿಯನ್ನು 10 ಮೈಕ್ರೊಮೋಲಾರ್ ಮಾಡಿ. ಆನ್ ರಾಸ್ ಆಗಲೇ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿತ್ತು, ಅಲ್ಲಿ ಲಾಭ ಇಲ್ಲ. ಆಫ್ ರಾಸ್ ಮಾತ್ರ ನೂರಕ್ಕೆ 36 ಪಾಲಿಗೆ ಏರುತ್ತದೆ! ಹಸಿವಿನಲ್ಲಿರುವ ಕೋಶದಲ್ಲಿ ರಾಸ್‌ನ ಬಹುಪಾಲು ಆಫ್ ಆಗಿಯೇ ಇರುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ಮಣಿಗೆ ಅಂಟಿದರೆ 0 ನಿಮಿಷದ ಗೆರೆಯೂ ದಪ್ಪಗೆ ಬರಬಹುದು.

ನಮ್ಮನ್ನು ಕಾಪಾಡುವುದು ತೊಳೆಯುವ ಕೆಲಸ. ದುರ್ಬಲವಾಗಿ ಅಂಟಿದ್ದು ಬಫರ್ ಬದಲಿಸಿದ ಕೂಡಲೇ ಬಿಟ್ಟುಹೋಗುತ್ತದೆ, ಗಟ್ಟಿಯಾಗಿ ಅಂಟಿದ್ದು ಉಳಿಯುತ್ತದೆ. ಆದರೂ “ಸಿಗ್ನಲ್ ಕಡಿಮೆ ಇದೆ, ಮಣಿ ಜಾಸ್ತಿ ಹಾಕು” ಎನ್ನುವ ಸಲಹೆ ಕೇಳಿದಾಗಲೆಲ್ಲ ನಾನು ಮೊದಲು ಈ ಲೆಕ್ಕ ಮಾಡುತ್ತೇನೆ. ಆರ್‌ಬಿಡಿಯಂಥ ಹಿಡಿಯುವ ಭಾಗ ಒಂದೇ ಸ್ಥಿತಿಯನ್ನು ಹಿಡಿಯುತ್ತದೆ ಎಂಬುದು ಪೂರ್ತಿ ನಿಜ ಅಲ್ಲ. ನಾವು ಹಾಕುವ ಪ್ರಮಾಣದಲ್ಲಿ ಮಾತ್ರ ಅದು ನಿಜ.

ಎರಡನೆಯದು ಆರ್89ಎಲ್. ಆರ್‌ಬಿಡಿಯ 89ನೇ ಜಾಗದ ಆರ್ಜಿನಿನ್ ರಾಸ್ ಜೊತೆಗಿನ ಹಿಡಿತದ ಮುಖ್ಯ ಕೊಂಡಿ. ಅದನ್ನು ಲ್ಯೂಸಿನ್ ಮಾಡಿದರೆ ಹಿಡಿತವೇ ಹೋಗುತ್ತದೆ ಎಂದು 1994ರಲ್ಲಿ ಡೆಬೊರಾ ಮಾರಿಸನ್ ಅವರ ತಂಡ ತೋರಿಸಿತು. ಉಳಿದ 80 ಅಮೈನೊ ಆಮ್ಲ ಹಾಗೇ ಇವೆ. ಹಾಗಾಗಿ ಇದು ಆರ್‌ಬಿಡಿಯ ಕೈ ಕಟ್ಟಿದ ಅವಳಿ. ಈ ಅವಳಿ ಇರುವ ಮಣಿಗೂ ರಾಸ್ ಅಂಟಿ ಬಂದರೆ, ಬಂದದ್ದು ಆನ್ ಆಗಿದ್ದಕ್ಕಲ್ಲ. ಮಣಿಗೋ ಜಿಎಸ್‌ಟಿಗೋ ಸುಮ್ನೆ ಅಂಟಿಕೊಂಡಿದೆ ಎಂದರ್ಥ. ಬರೀ ಜಿಎಸ್‌ಟಿ ಇರುವ ಮಣಿ ಬಳಸುವುದಕ್ಕಿಂತ ಇದು ಎಷ್ಟೋ ಮೇಲು.

ಮೂರನೆಯದಕ್ಕೆ ಅರ್ಧ ಗಂಟೆ ಸಾಕು. ಒಂದೇ ಲೈಸೇಟನ್ನು ಎರಡು ಪಾಲು ಮಾಡಿ. ಇಡಿಟಿಎ ಹಾಕಿ 30 ಡಿಗ್ರಿಯಲ್ಲಿಟ್ಟರೆ ಮೆಗ್ನೀಸಿಯಮ್ ಹೋಗಿ ರಾಸ್ ತನ್ನ ಅಣುವನ್ನು ಬಿಡುತ್ತದೆ. ಒಂದು ಪಾಲಿಗೆ ಜಿಡಿಪಿ ಧಾರಾಳವಾಗಿ ಹಾಕಿ. ಇನ್ನೊಂದಕ್ಕೆ ಒಡೆಯದ ಜಿಟಿಪಿ-ಗಾಮಾ-ಎಸ್ ಹಾಕಿ. ಆಮೇಲೆ ಮೆಗ್ನೀಸಿಯಮ್ ಸುರಿದು ಹಿಡಿತ ಬಿಗಿ ಮಾಡಿ. ಈಗ ನಿಮ್ಮ ಕೈಯಲ್ಲಿ ಪೂರ್ತಿ ಆಫ್ ಮತ್ತು ಪೂರ್ತಿ ಆನ್ ಎರಡೂ ಇವೆ. ಇವೆರಡಕ್ಕೂ ವ್ಯತ್ಯಾಸ ತೋರಿಸದ ಮಣಿಯನ್ನು ಬಿಸಾಡಿ, ಹೊಸದು ಮಾಡಿಕೊಳ್ಳಿ. ತಿಂಗಳುಗಟ್ಟಲೆ ಫ್ರಿಜ್ಜಿನಲ್ಲಿ ಕೂತ ಮಣಿಗಳು ಈ ಪರೀಕ್ಷೆಯಲ್ಲಿ ಫೇಲಾದದ್ದನ್ನು ನಾನು ಕಂಡಿದ್ದೇನೆ.

ಇದೇ ಉಪಾಯ ರಾಸ್‌ನ ಬಳಗಕ್ಕೆಲ್ಲ ಹರಡಿತು. ರ್‍ಯಾಪ್-1ಕ್ಕೆ ರಾಲ್‌ಜಿಡಿಎಸ್‌ನ ತುಂಡು, ರ್‍ಯಾಕ್ ಮತ್ತು ಸಿಡಿಸಿ42ಕ್ಕೆ ಪ್ಯಾಕ್‌ನ ತುಂಡು, ರೋಗೆ ರೋಟೆಕಿನ್‌ನ ತುಂಡು. ಮಾಡುವ ಕ್ರಮ ಎಲ್ಲಕ್ಕೂ ಒಂದೇ.

ಜೀವಂತ ಕೋಶದೊಳಗೆ

ಟ್ಯೂಬಿನಲ್ಲಿ ಎಷ್ಟು ಎಂದು ಗೊತ್ತಾಗುತ್ತದೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ಕೋಶ ಒಡೆದ ಮೇಲೆ ಎಲ್ಲಿ ಎಂಬ ಪ್ರಶ್ನೆಗೇ ಅರ್ಥ ಇಲ್ಲ. 2001ರಲ್ಲಿ ಜಪಾನಿನ ಮಿಚಿಯುಕಿ ಮಾತ್ಸುದಾ ಅವರ ತಂಡ ರಾಸ್ ಮತ್ತು ಆರ್‌ಬಿಡಿಯನ್ನು ಒಂದೇ ಸರದಲ್ಲಿ ಪೋಣಿಸಿ, ಎರಡು ತುದಿಗೆ ಎರಡು ಬಣ್ಣದ ಹೊಳೆಯುವ ಪ್ರೋಟೀನ್ ಕಟ್ಟಿತು. ರಾಸ್ ಆನ್ ಆದರೆ ಪಕ್ಕದ ಆರ್‌ಬಿಡಿ ಅದನ್ನು ಹಿಡಿಯುತ್ತದೆ, ತುದಿಗಳು ಹತ್ತಿರ ಬರುತ್ತವೆ, ಬಣ್ಣ ಬದಲಾಗುತ್ತದೆ. ಹೊರಗಿನಿಂದ ತಂದು ಹಾಕಿದ ರಾಸ್ ಇದು ಎಂಬುದಷ್ಟೇ ಇದರ ಮಿತಿ.

ಕೋಶದ ಸ್ವಂತ ರಾಸ್ ನೋಡಬೇಕಾದರೆ ಆರ್‌ಬಿಡಿಗೆ ಹಸಿರು ಹೊಳೆಯುವ ಪ್ರೋಟೀನ್ ಅಂಟಿಸಿ ಕೋಶದೊಳಗೆ ಬಿಡಬೇಕು. ಇಲ್ಲೇ ಕಷ್ಟ ಶುರು. ಟ್ಯೂಬಿನಲ್ಲಿ ನನ್ನನ್ನು ಕಾಪಾಡಿದ ಗುಣವೇ ಇಲ್ಲಿ ಅಡ್ಡ ಬರುತ್ತದೆ. ಆರ್‌ಬಿಡಿ ರಾಸ್ ಮೇಲೆ ಕೂತು ಗ್ಯಾಪ್ ಅನ್ನು ದೂರ ಇಡುತ್ತದೆ, ಹಾಗಾಗಿ ರಾಸ್ ಆಫ್ ಆಗುವುದಿಲ್ಲ. ನಿಜವಾದ ರಾಫ್‌ಗೂ ಜಾಗ ಬಿಡುವುದಿಲ್ಲ, ಹಾಗಾಗಿ ಸಂದೇಶ ಮುಂದೆ ಹೋಗುವುದಿಲ್ಲ. ಕಡಿಮೆ ಹಾಕಿದರೆ ಹೊಳಪು ಕಾಣುವುದಿಲ್ಲ. ಜಾಸ್ತಿ ಹಾಕಿದರೆ ಕೋಶದ ನಡತೆಯೇ ಬದಲಾಗುತ್ತದೆ. ಹಲಸು ತಟ್ಟಿದ ಕೂಡಲೇ ಹಣ್ಣಾಗುವುದು ನಿಂತುಬಿಟ್ಟರೆ ಹೇಗೋ ಹಾಗೆ.

2002ರಲ್ಲಿ ಮಾರ್ಕ್ ಫಿಲಿಪ್ಸ್ ಅವರ ತಂಡ ಹಸಿರು ಆರ್‌ಬಿಡಿ ಬಳಸಿ, ರಾಸ್ ಕೋಶದ ಹೊರಪೊರೆಯಲ್ಲಿ ಮಾತ್ರ ಅಲ್ಲ, ಒಳಗಿನ ಗಾಲ್ಗಿ ಎಂಬ ಪೊರೆಗಳ ಕಟ್ಟಿನ ಮೇಲೂ ಆನ್ ಆಗುತ್ತದೆ ಎಂದು ವರದಿ ಮಾಡಿತು. 2006ರಲ್ಲಿ ಜರ್ಮನಿಯ ಯೇನಾದ ಇಗ್ನಾಸಿಯೋ ರೂಬಿಯೋ ಅವರ ತಂಡ ಗಾಳವನ್ನೇ ಬದಲಿಸಿ ನೋಡಿತು. ಅವರು ಒಂದರ ಹಿಂದೆ ಒಂದು ಮೂರು ಆರ್‌ಬಿಡಿ ಪೋಣಿಸಿದರು. ಜೊತೆಗೆ ಪ್ರತಿಯೊಂದರ ಹಿಡಿತವನ್ನು ಬೇಕೆಂದೇ ಸಡಿಲ ಮಾಡಿದರು. ಒಂದೊಂದಾಗಿ ಹಿಡಿದರೆ ಬೇಗ ಬಿಡುತ್ತದೆ, ಆದ್ದರಿಂದ ಕೋಶದ ಕೆಲಸಕ್ಕೆ ತೊಂದರೆ ಕಡಿಮೆ. ಆನ್ ಇರುವ ರಾಸ್ ಗುಂಪಾಗಿರುವ ಕಡೆ ಮೂರೂ ಕೈ ಒಟ್ಟಿಗೆ ಹಿಡಿಯುತ್ತವೆ, ಆದ್ದರಿಂದ ಹೊಳಪು ಅಲ್ಲಿ ನಿಲ್ಲುತ್ತದೆ. ಆ ಗಾಳಕ್ಕೆ ಕಂಡದ್ದು ಮುಖ್ಯವಾಗಿ ಹೊರಪೊರೆಯಲ್ಲಿ.

ಈ ಎರಡರಲ್ಲಿ ಯಾರು ಸರಿ ಎಂದು ಒಂದೇ ಮಾತಿನಲ್ಲಿ ಹೇಳಲು ನಾನು ಹೋಗುವುದಿಲ್ಲ. ಕೋಶಗಳು ಬೇರೆ, ಗಾಳದ ಪ್ರಮಾಣ ಬೇರೆ. ಒಳಪೊರೆಗಳ ಹತ್ತಿರ ಹಸಿರು ಸುಮ್ನೆ ಗುಂಪುಗಟ್ಟುವುದೂ ಉಂಟು, ಅದನ್ನು ತಿಳಿಯಲು ಅಲ್ಲಿಯೂ ಕೈ ಕಟ್ಟಿದ ಅವಳಿಯನ್ನು ಪಕ್ಕದ ಕೋಶದಲ್ಲಿ ಬಿಟ್ಟು ನೋಡಲೇಬೇಕು. ಆದರೆ ರೂಬಿಯೋ ತಂಡದ ಯೋಚನೆ ನನಗೆ ಹಿಡಿಸಿತು. ಗಟ್ಟಿ ಹಿಡಿತವೇ ಒಳ್ಳೆಯದು ಎಂದು ನಾವೆಲ್ಲ ಅಂದುಕೊಂಡಿರುವಾಗ ಅವರು ಹಿಡಿತ ಸಡಿಲಿಸಿ ಗೆದ್ದರು.

ಟ್ಯೂಬಿನಲ್ಲಿ ಮಾಡುವ ಹಳೆಯ ವಿಧಾನಕ್ಕೆ ಈಚೆಗೆ ಇನ್ನೊಂದು ಕೆಲಸ ಸಿಕ್ಕಿದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕೆ-ರಾಸ್ ಎಂಬ ಒಂದು ಬಗೆಯ ರಾಸ್‌ನ 12ನೇ ಜಾಗಕ್ಕೆ ಸಿಸ್ಟೀನ್ ಬಂದಿರುವುದು ಎಷ್ಟೋ ರೋಗಿಗಳಲ್ಲಿ ಕಾಣುತ್ತದೆ. ಅದಕ್ಕೆಂದೇ ಮಾಡಿದ ಸೊಟೊರಾಸಿಬ್ ಎಂಬ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈ ಔಷಧ ಹೋಗಿ ಅಂಟುವುದು ಜಿಡಿಪಿ ಹಿಡಿದಿರುವ, ಅಂದರೆ ಆಫ್ ಇರುವ ರೂಪಕ್ಕೆ. ಅಂಟಿ ಅದನ್ನು ಅಲ್ಲೇ ಬಂಧಿಸಿಡುತ್ತದೆ. ಔಷಧ ಕೆಲಸ ಮಾಡಿದೆಯೇ ಎಂದು ನೋಡಲು ಕೋಶ ಒಡೆದು ಆರ್‌ಬಿಡಿ ಮಣಿ ಹಾಕುತ್ತಾರೆ. ಔಷಧ ಕೊಡದ ಕೋಶದಲ್ಲಿ ಗೆರೆ ಕಪ್ಪಗೆ ಬರುತ್ತದೆ. ಕೊಟ್ಟ ಕೋಶದಲ್ಲಿ ಒಟ್ಟು ರಾಸ್ ಹಾಗೇ ಇರುತ್ತದೆ, ಮಣಿಗೆ ಬರುವ ಗೆರೆ ಮಾತ್ರ ಗಂಟೆಗಳು ಕಳೆದಂತೆ ತೆಳುವಾಗುತ್ತ ಹೋಗುತ್ತದೆ.